ಬರ್ತೇನಿ ಬೇ

ನೆಲೋಗಿ
೧೨ ಜೂನ್ ೨೦೨೪

ಶಿವಕಾಂತಾ ಮೇಡಂ ಅವರಿಗೆ ನೆಲೋಗಿ ಮಾಣಿಕಮ್ಮ ಮಾಡೋ ಶರಣು.

ಪೇಪರಿನಾಗ ನಿಮ್ಮ ಜಾಹೀರಾತು ನೋಡಿದೆ. ‘ನಿಮ್ಮ ಬರಹ ತಿದ್ದಿಕೊಡಲಾಗುವುದು, ಪುಸ್ತಕ ಮಾಡಲು ನೆರವಾಗುವುದು, ಆಳಂದ’ ಅಂತ ಇತ್ತು. ಕೆಳಗ ಫೋನ್ ನಂಬರು ಹಾಕೀರಿ. ಫೋನಿಂದ ನನಗೇನೂ ಉಪಯೋಗಿಲ್ಲರಿ. ನಾ ಕಿವುಡಿ. ಮದಲ ಎಡಗಿವಿ ಹೋತು, ಆಮ್ಯಾಲ ಬಲಗಿವಿ. ಈಗ ಮನಿ ಮುಂದ ಟ್ರ್ಯಾಕ್ಟರ್ ಬಂದ್ರೂ ಕಾಲಾಗಿನ ನೆಲ ನಡುಗಿದ ಮ್ಯಾಲೇ ಗೊತ್ತಾಗ್ತದ. ದವಾಖಾನ್ಯಾಗ ಮಷೀನ್ ಕೊಟ್ಟಿದ್ರು. ಅದರಾಗ ಬರೇ ಗುಂಯ್ ಅಂತದ, ತಗದು ಗೂಟಕ್ಕ ಹಾಕೇನಿ. ಅದಕ್ಕ ನಮ್ಮ ಮಗ ಸೂರ್ಯಕಾಂತ ನಿಮಗ ಫೋನ್ ಹಚ್ಚಿ ವಿಳಾಸ ಇಸಗೊಂಡ.

ನಾ ಅಂಗನವಾಡಿ ಟೀಚರ್ ಇದ್ದೆ, ಈಗ ಮನ್ಯಾಗ ಅದೇನಿ. ಬರಿಯೋದು ಬರ್ತದ, ಆದ್ರ ಬರೋಬ್ಬರಿ ಬರಿಯಾಕ ಬರಂಗಿಲ್ಲ. ಈ ಕಾಗದದ ಸಂಗಾಟ ಒಂದು ಗಂಟು ಹಾಳಿ ಕಳಿಸೇನಿ. ಇದು ನನ್ನ ಮಾತಲ್ಲ, ನನ್ನ ತಂಗಿ ನಿಂಬೆವ್ವಂದು. ಆಕಿ ಹೇಳ್ತಾಳ, ನಾ ಬರಕೋತೇನಿ. ಮಧ್ಯಾಹ್ನ ಮನಿಯವರೆಲ್ಲ ಹೊಲಕ್ಕ ಹೋದ ಮ್ಯಾಲ ಬಂದು ಹೊಸ್ತಿಲ ಮ್ಯಾಲ ಕೂಡ್ತಾಳ. ‘ಯಕ್ಕಾ, ಉಂಡೇನ ಬೇ’ ಅಂತಾಳ. ಆಮ್ಯಾಲ ಶುರು. ಹತ್ತಿ ಬಿಡಸಾಕ ಹೋದಾಗ ಹಾವು ಬಂದದ್ದು, ಅಪ್ಪ ಜೇವರಗಿ ಸಂತ್ಯಾಗ ಇಬ್ಬರಿಗೂ ಬಳಿ ತಂದು ನನಗ ಹಸರು ಆಕಿಗೆ ಕೆಂಪು ಕೊಟ್ಟದ್ದು, ಆಕಿ ಅತ್ತು ಅತ್ತು ನನ್ನ ಹಸರು ಬಳಿ ಇಸಗೊಂಡದ್ದು. ಎದ್ದು ಹೋಗಾಗ ‘ಬರ್ತೇನಿ ಬೇ’ ಅಂತಾಳ. ದಿನಾ ಹಂಗೇ.

ನಮ್ಮ ಸೂರ್ಯಕಾಂತಗ ಇದನ್ನ ಪುಸ್ತಕ ಮಾಡೋ ಆಸಿ ಅದ. ಅವನ ಬೀಗರು ಕಲಬುರಗ್ಯಾಗಿನ ಓದಿದ ಮಂದಿ, ಅವರು ಓದಿ ನಗಬಾರದು ಅಂತಾನ. ನೀವು ತಿದ್ದಿ ಸ್ವಚ್ಛ ಮಾಡಿಕೊಡ್ರಿ.

ಹೆಸರಿನ ಕೆಳಗ ‘ಸಂಪಾದಕಿ’ ಅಂತ ಹಾಕೀರಿ. ಅದರಾಗ ಸಂಪಾದನಿ ಆಗ್ತದೇನ್ರಿ? ಚಾಷ್ಟಿ ಮಾಡಿದೆ, ಸಿಟ್ಟಾಗಬ್ಯಾಡ್ರಿ.

ನಿಮ್ಮ,
ಮಾಣಿಕಮ್ಮ


ಆಳಂದ
೨೧ ಜೂನ್ ೨೦೨೪

ಮಾನ್ಯ ಮಾಣಿಕಮ್ಮ ಅವರಿಗೆ ವಂದನೆಗಳು.

ತಮ್ಮ ಹಸ್ತಪ್ರತಿ ಸುರಕ್ಷಿತವಾಗಿ ತಲುಪಿದೆ. ಒಮ್ಮೆ ಪೂರ್ತಿ ಓದಿದೆ. ಹಸಿರು ಬಳೆಯ ಪ್ರಸಂಗವನ್ನು ಎರಡು ಸಲ ಓದಿದೆ. ಈ ಕೆಲಸವನ್ನು ಸಂತೋಷದಿಂದ ಒಪ್ಪಿಕೊಂಡಿದ್ದೇನೆ.

ಸಂಪಾದನೆಯ ಬಗ್ಗೆ ತಾವು ತಮಾಷೆಗೆ ಕೇಳಿದ ಪ್ರಶ್ನೆಗೆ ನಿಜವಾದ ಉತ್ತರವನ್ನೇ ಕೊಡುತ್ತೇನೆ: ಇನ್ನೂ ಇಲ್ಲ. ಹುಬ್ಬಳ್ಳಿಯ ಒಂದು ಪತ್ರಿಕೆಯಲ್ಲಿ ಆರು ವರ್ಷ ಸುದ್ದಿ ತಿದ್ದುವ ಕೆಲಸ ಮಾಡಿದೆ. ಕಳೆದ ವರ್ಷ ನಮ್ಮ ವಿಭಾಗವನ್ನೇ ಮುಚ್ಚಿದರು. ಊರಿಗೆ ಬಂದು, ತಂದೆಯವರ ಕಿರಾಣಿ ಅಂಗಡಿಯ ಮೇಲಿನ ಕೋಣೆಯಲ್ಲಿ ಸ್ವತಂತ್ರವಾಗಿ ಇದನ್ನು ಆರಂಭಿಸಿದ್ದೇನೆ. ‘ತಿದ್ದಿಕೊಡಲಾಗುವುದು’ ಎಂಬ ಬೋರ್ಡು ನೋಡಿ ಮೊದಲು ಮೆಟ್ಟಿಲು ಹತ್ತಿ ಬಂದವರು ನಮ್ಮ ಓಣಿಯ ಸಕ್ಕುಬಾಯಿ. ‘ನಮ್ಮ ಮನಿಯವರನ್ನ ಜರಾ ತಿದ್ದಿಕೊಡ್ತೀರೇನ್ರಿ’ ಎಂದು ಕೇಳಿದರು. ಆಮೇಲೆ ಒಂದು ಮದುವೆ ಆಮಂತ್ರಣ ಬಂತು. ಪುಸ್ತಕವೆಂದರೆ ತಮ್ಮದೇ ಮೊದಲನೆಯದು.

ಆದ್ದರಿಂದ ಇದರಲ್ಲಿ ಒಂದೂ ತಪ್ಪು ಉಳಿಯಬಾರದೆಂಬುದು ನನ್ನ ಹಟ. ಕಲಬುರಗಿಯ ಪ್ರಕಾಶಕರಾದ ದಶರಥ ಅವರು ಇದನ್ನು ನೋಡಿ, ಚೆನ್ನಾಗಿದ್ದರೆ ತಾವೇ ಅಚ್ಚು ಹಾಕಿ ಮುಂದಿನ ಪುಸ್ತಕಗಳ ಕೆಲಸವನ್ನೂ ನನಗೇ ಕೊಡುವುದಾಗಿ ಹೇಳಿದ್ದಾರೆ. ಇಲ್ಲವಾದರೆ ಬೋರ್ಡು ಇಳಿಸಿ ಅಪ್ಪನ ಪಕ್ಕ ತಕ್ಕಡಿ ಹಿಡಿದು ಕೂರಬೇಕು.

ಒಂದು ಸಂದೇಹ. ನಿಂಬೆವ್ವ ಅವರು ಕೆಲವು ಕಡೆ ಇಂದಿನವರಂತೆಯೂ ಕೆಲವು ಕಡೆ ತೀರಾ ಹಳೆಯ ಕಾಲದವರಂತೆಯೂ ಮಾತಾಡುತ್ತಾರೆ. ಅವರ ವಯಸ್ಸೆಷ್ಟು? ಅಗತ್ಯವಿದ್ದರೆ ನಾನೇ ಅವರೊಡನೆ ಫೋನಿನಲ್ಲಿ ಮಾತಾಡಬಹುದೇ?

ಇಂತಿ ತಮ್ಮ ವಿಶ್ವಾಸಿ,
ಶಿವಕಾಂತಾ ಕಲ್ಲಿನಾಥ


ನೆಲೋಗಿ
೨ ಜುಲೈ ೨೦೨೪

ಶಿವಕಾಂತಾ ಮೇಡಂ ಅವರಿಗೆ ಶರಣು.

ನಿಂಬೆವ್ವನ ಸಂಗಾಟ ಫೋನಿನಾಗ ಮಾತಾಡ್ತೇನಿ ಅಂದೀರಿ. ಓದಿ ನಕ್ಕೆ. ನಕ್ಕದ್ದು ನನಗ ಕೇಳಲಿಲ್ಲ, ಆದ್ರ ಸೊಸಿ ಭುವನೇಶ್ವರಿ ಅಡಗಿಮನಿಯಿಂದ ಓಡಿ ಬಂದಳು. ಜೋರಾಗೇ ನಕ್ಕಿರಬೇಕು.

ನಿಂಬೆವ್ವ ಸತ್ತು ನಲವತ್ತು ವರ್ಷದ ಮ್ಯಾಲಾತ್ರಿ.

ಆಕಿನ್ನ ಭೀಮಾ ಹೊಳಿ ಆಚಿಗೆ, ಅಫಜಲಪುರ ಕಡಿ ಕೊಟ್ಟಿದ್ವಿ. ಪಂಚಮಿಗೆ ತವರಿಗೆ ಬಂದಿದ್ದಳು. ಅತ್ತಿಯವರಿಗೆ ಭಾಳ ಆರಾಮಿಲ್ಲ, ಜಲ್ದಿ ಬಾ ಅಂತ ಆ ಕಡಿಯಿಂದ ಸುದ್ದಿ ಬಂತು. ಆಕಿ ಹೆತ್ತ ಸೂರ್ಯಕಾಂತ ಆಗಿನ್ನೂ ಅಂಬೆಗಾಲಿಡೋ ಕೂಸು, ಮೈ ಸುಡತಿತ್ತು. ‘ಇವನ್ನ ಹಿಡಿ, ಅತ್ತಿ ಮಾರಿ ನೋಡಿ ಬರ್ತೇನಿ’ ಅಂತ ನನ್ನ ಉಡ್ಯಾಗ ಹಾಕಿದಳು. ಹೊಸ್ತಿಲ ದಾಟಿದಾಕಿ ತಿರುಗಿ ನಿಂತು ‘ಬರ್ತೇನಿ ಬೇ’ ಅಂದಳು. ಹೊಳಿ ತುಂಬಿತ್ತು. ನಡು ನೀರಾಗ ದೋಣಿ ಮಗಚಿತು. ಉಳದವರೆಲ್ಲ ಸಿಕ್ಕರು, ಕೆಲವರು ಜೀವಂತ, ಕೆಲವರು ಹೆಣಾ ಆಗಿ. ನಿಂಬೆವ್ವ ಒಬ್ಬಾಕಿ ಸಿಗಲಿಲ್ಲ. ಮಣ್ಣು ಮಾಡಾಕೂ ಏನೂ ಇರಲಿಲ್ಲ. ನಾ ಲಗ್ನ ಆಗಲಿಲ್ಲ, ಕೂಸಿನ್ನ ಸಾಕಿದೆ. ನನಗೇ ಅವ್ವ ಅಂತಾನ.

ಕಿವಿ ಇದ್ದಾಗ ಆಕಿ ಒಂದಿನಾನೂ ಬರಲಿಲ್ಲ. ಕಿವಿ ಹೋದ ಮ್ಯಾಲ ಬಂದಳು. ಹೊರಗಿನ ಗದ್ದಲ ನಿಂತು ಆಕಿ ದನಿಗೆ ಜಾಗ ಆತೇನೋ. ಡಾಕ್ಟರ್ ಇದು ತಲಿ ಒಳಗಿನ ಆಟ ಅಂದ. ಅಂದ್ರ ಅನ್ನಲಿ, ಆಟನರ ಇರಲಿ. ಸೂರ್ಯಕಾಂತ ಹೊಲದಿಂದ ಬಂದು ಕಾಲು ತೊಳಕೊಳ್ಳೋಕಿಂತ ಮದಲ ‘ಇವತ್ತೇನಂದಳು’ ಅಂತ ಕೈ ಸನ್ನಿ ಮಾಡಿ ಕೇಳ್ತಾನ. ಅವನಿಗೆ ಹೆತ್ತಾಕಿ ಮಾರಿನೂ ಗೊತ್ತಿಲ್ಲ, ದನಿನೂ ಗೊತ್ತಿಲ್ಲ. ಅವನ ಸಲುವಾಗೇ ಈ ಪುಸ್ತಕ.

ನನಗ ಈ ಜಗತ್ತಿನಾಗ ಕೇಳೋದು ಒಂದೇ ದನಿ ಅದರಿ. ಅದು ಸತ್ತಾಕಿದು. ನಿಮಗ ಅಂಜಿಕಿ ಬಂದ್ರ ಹಾಳಿ ತಿರುಗಿ ಕಳಸ್ರಿ, ನಾ ಏನೂ ಅನಕೊಳ್ಳಂಗಿಲ್ಲ.

ನಿಮ್ಮನ್ನ ತಂಗಿ ಅಂತ ಕರೀಬೇಕು ಅನಸ್ತದ. ನಮ್ಮ ಕಡಿ ಸಣ್ಣಾಕಿ ಯಾರಿದ್ರೂ ತಂಗಿನೇ. ಆದ್ರ ಆ ಹೆಸರು ಒಬ್ಬಾಕಿ ಹಿಡಕೊಂಡು ಕುಂತಾಳ. ಅದಕ್ಕ ಮೇಡಂ ಅಂತೇನಿ.

ನಿಮ್ಮ,
ಮಾಣಿಕಮ್ಮ


ಆಳಂದ
೨೪ ಆಗಸ್ಟ್ ೨೦೨೪

ಮಾನ್ಯ ಮಾಣಿಕಮ್ಮ ಅವರಿಗೆ ವಂದನೆಗಳು.

ಅಂಜಿಕೆ ಆದದ್ದು ನಿಜ. ತಮ್ಮ ಪತ್ರ ಬಂದ ಮೇಲೆ ಕೆಲವು ದಿನ ಹಸ್ತಪ್ರತಿಯನ್ನು ಮುಟ್ಟಲಿಲ್ಲ. ಆಮೇಲೆ, ಯಾರ ಮಾತಾದರೂ ಅದು ಬರಹವೇ, ಬರಹಕ್ಕೆ ಮಾಡುವ ಕೆಲಸ ಒಂದೇ ಎಂದು ಕೂತೆ. ಈಗ ಪೂರ್ತಿಯಾಗಿದೆ. ಸ್ವಚ್ಛ ಪ್ರತಿಯನ್ನೂ ತಮ್ಮ ಮೂಲ ಹಾಳೆಗಳನ್ನೂ ಜೊತೆಯಲ್ಲಿ ಕಳಿಸಿದ್ದೇನೆ.

ನಾನು ಮಾಡಿದ್ದನ್ನು ತಮಗೆ ಹೇಳಬೇಕು. ಎಲ್ಲ ಮಾತನ್ನೂ ಗ್ರಂಥಸ್ಥ ಕನ್ನಡಕ್ಕೆ ತಂದಿದ್ದೇನೆ. ಸಾಲು ಸಾಲಿಗೂ ಸಲಿಗೆಗೆ ಬರುವ ‘ಬೇ’ ತೆಗೆದಿದ್ದೇನೆ, ಏಕೆಂದರೆ ಬೇರೆ ಕಡೆಯ ಓದುಗರಿಗೆ ಅದು ಅಚ್ಚಿನ ದೋಷದಂತೆ ಕಾಣುತ್ತದೆ. ಕಂಪ್ಯೂಟರಿನಲ್ಲಿ ಒಂದೇ ಏಟಿಗೆ ತೆಗೆಯಲು ಹೋಗಿ ‘ಬೇಸಿಗೆ’ ಎಲ್ಲ ‘ಸಿಗೆ’ ಆಗಿ, ‘ಬೇವು’ ಬರೀ ‘ವು’ ಆಗಿ ಫಜೀತಿಯಾಯಿತು. ಟೈಪು ಮಾಡಿಕೊಡುವ ಗೌಸಮೊಹಿದ್ದೀನ ಅವರು ‘ಮೇಡಂ, ಬ್ಯಾಸಗಿನೇ ಹೋತಲ್ರಿ, ಛಲೋ ಆತು ಬಿಡ್ರಿ’ ಎಂದು ನಕ್ಕರು. ಎಲ್ಲವನ್ನೂ ಸರಿಪಡಿಸಿದ್ದೇನೆ.

ಪ್ರತಿ ಅಧ್ಯಾಯದ ಕೊನೆಗೂ ‘ಬರ್ತೇನಿ ಬೇ’ ಎಂದಿತ್ತು. ಪುನರುಕ್ತಿಯಾಗುತ್ತದೆಂದು ತೆಗೆದೆ. ಕೊನೆಯ ಅಧ್ಯಾಯದಲ್ಲಿ ಮಾತ್ರ, ಅವರು ಹೊರಟು ನಿಂತಾಗ, ‘ಅಕ್ಕಾ, ನಾನು ಹೋಗುತ್ತೇನೆ’ ಎಂದು ಮಾಡಿದ್ದೇನೆ. ಆ ಹೊಳೆಯಿಂದ ಅವರು ಮರಳಲಿಲ್ಲವೆಂಬುದು ತಮ್ಮ ಪತ್ರದಿಂದ ತಿಳಿಯಿತು. ಹೋಗುವವರು ಬರುತ್ತೇನೆ ಅಂದರೆ ಅಲ್ಲಿ ಪೆಟ್ಟು ಸಡಿಲವಾಗುತ್ತದೆ. ಪುಸ್ತಕ ಆ ಮಾತಿನಿಂದ ಗಂಭೀರವಾಗಿ ಮುಗಿಯುತ್ತದೆ. ದಶರಥ ಅವರು ಅದನ್ನೇ ಬಹಳ ಮೆಚ್ಚಿದರು. ದೀಪಾವಳಿ ಕಳೆದ ಮೇಲೆ ಅಚ್ಚಿಗೆ ಹಾಕುತ್ತಾರಂತೆ.

ನನಗೆ ತುಂಬಾ ಸಂತೋಷವಾಗಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಬೋರ್ಡು ಉಳಿಯಿತು.

ಇಂತಿ ತಮ್ಮ ವಿಶ್ವಾಸಿ,
ಶಿವಕಾಂತಾ ಕಲ್ಲಿನಾಥ


ನೆಲೋಗಿ
೯ ಸೆಪ್ಟೆಂಬರ್ ೨೦೨೪

ಶಿವಕಾಂತಾ ಮೇಡಂ ಅವರಿಗೆ ಶರಣು.

ಎಲ್ಲಾ ಮುಟ್ಟಿತು. ಭಾಳ ಛಂದ ಮಾಡೀರಿ. ಸೂರ್ಯಕಾಂತ ಒಂದೇ ಬೈಠಕ್ಕಿಗೆ ಓದಿ ಕಣ್ಣಾಗ ನೀರು ತಗದ. ‘ನಮ್ಮವ್ವ ಇಷ್ಟು ಶ್ಯಾಣ್ಯಾ ಮಾತಾಡ್ತಿದ್ದಳೇನು’ ಅಂತ ಹಾಳಿ ಮ್ಯಾಲ ಬರದು ತೋರಿಸಿದ. ನಾ ಹೂಂ ಅಂತ ತಲಿ ಹಾಕಿದೆ. ಅವನ ಖುಷಿ ಯಾಕ ಕೆಡಸಬೇಕು.

ಹಳೇ ಹಾಳಿ ಒಲಿಗೆ ಹಾಕಿದೆ. ಶುದ್ಧ ಆಗಿ ಬಂದ ಮ್ಯಾಲ ತಪ್ಪಿದ್ದದ್ದು ಮನ್ಯಾಗ ಯಾಕ ಇಟಗೋಬೇಕು. ಹೊರಗ ಒಗದ್ರ ಅಕ್ಷರ ಮಂದಿ ಕಾಲಾಗ ಸಿಗ್ತಾವ, ಅದು ಪಾಪ. ಅವತ್ತಿನ ರೊಟ್ಟಿ ಅದರ ಉರಿ ಮ್ಯಾಲೇ ಸುಟ್ಟೆ.

ಒಂದು ಮಾತು ಕೇಳೋದಿತ್ತು. ಮೊನ್ನೆ ಮಧ್ಯಾಹ್ನ ನಿಂಬೆವ್ವ ಬಂದಳು. ಹೊಸ್ತಿಲ ಮ್ಯಾಲ ಕುಂತು ‘ಅಕ್ಕಾ, ನಿಮ್ಮ ಊಟವಾಯಿತೇ’ ಅಂದಳು. ರೇಡಿಯೋದಾಗ ವಾರ್ತೆ ಓದಿದಂಗ. ‘ಯಾಕ ಹಿಂಗ ಮಾತಾಡಾಕತ್ತಿ ಬೇ’ ಅಂದೆ. ‘ಹೇಗೆ ಮಾತನಾಡುತ್ತಿದ್ದೇನೆ’ ಅಂದಳು. ದನಿ ಆಕಿದೇ, ಮಾತು ಆಕಿದಲ್ಲ. ಬಳಿ ವಿಷಯ ತಗದೆ. ‘ಹಸಿರು ಬಳೆಗಳು ನನಗೆ ಬಹಳ ಪ್ರಿಯವಾಗಿದ್ದವು’ ಅಂದಳು. ಹಂಗ ಯಾರರ ಮಾತಾಡ್ತಾರೇನ್ರಿ, ಅದೂ ಒಡಹುಟ್ಟಿದಾಕಿ ಸಂಗಾಟ?

ಸತ್ತಾಕಿ ಅಂತ ನಾ ಯಾವತ್ತೂ ಆಕಿಗೆ ಅಂಜಿದಾಕಿ ಅಲ್ಲ. ಅವತ್ತ ಅಂಜಿದೆ. ಇದ್ಯಾಕ ಹಿಂಗ ಆತು ನಿಮಗೇನರ ಗೊತ್ತದೇನು?

ನಿಮ್ಮ,
ಮಾಣಿಕಮ್ಮ


ಆಳಂದ
೨೦ ಸೆಪ್ಟೆಂಬರ್ ೨೦೨೪

ಮಾನ್ಯ ಮಾಣಿಕಮ್ಮ ಅವರಿಗೆ ವಂದನೆಗಳು.

ತಾವು ಆತಂಕಪಡಬೇಕಾದುದಿಲ್ಲ. ಸ್ವಚ್ಛ ಪ್ರತಿಯನ್ನು ಮತ್ತೆ ಮತ್ತೆ ಓದಿದ್ದರಿಂದ ಆ ಭಾಷೆ ತಮ್ಮ ಮನಸ್ಸಿನಲ್ಲಿ ಕೂತಿರಬಹುದು. ಸ್ವಲ್ಪ ದಿನ ಅದನ್ನು ಮುಚ್ಚಿಡಿ. ಎಲ್ಲವೂ ಮೊದಲಿನಂತಾಗುತ್ತದೆ ಎಂದು ನಂಬಿದ್ದೇನೆ.

ದಶರಥ ಅವರು ಮುಖಪುಟಕ್ಕೆ ನಿಂಬೆವ್ವ ಅವರ ಫೋಟೋ ಇದೆಯೇ ಎಂದು ಕೇಳಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಶಿವಕಾಂತಾ ಕಲ್ಲಿನಾಥ


ನೆಲೋಗಿ
೧೪ ಅಕ್ಟೋಬರ್ ೨೦೨೪

ಶಿವಕಾಂತಾ,

ಮೇಡಂ ಅಂತ ಬರಿಯಾಕ ಇವತ್ತ ಕೈ ಏಳವಲ್ದು. ಸಿಟ್ಟಿನಾಗ ಅದೇನಿ.

ನಿಂಬೆವ್ವ ಬರೋದು ಬಿಟ್ಟಳು. ದಸರಾಕ್ಕಿಂತ ಮದಲ ಒಂದಿನ ಬಂದು ಕುಂತಳು, ಏನೂ ಅನ್ನಲಿಲ್ಲ. ಕುಂತದ್ದಷ್ಟೇ ಗೊತ್ತಾತು. ಆಮ್ಯಾಲ ಅದೂ ಇಲ್ಲ. ಈಗ ಈ ತಲ್ಯಾಗ ಏನೇನೂ ಇಲ್ಲ. ಭುವನೇಶ್ವರಿ ಮುಂದ ಕುಂತು ಬಾಯಿ ಆಡಸ್ತಾಳ, ಪಾತ್ರಿ ಬೀಳ್ತಾವ, ಮಕ್ಕಳು ಜಗಳಾಡ್ತಾವ, ಎಲ್ಲಾ ಗಾಜಿನ ಆಚಿ ನಡದಂಗ. ಕಿವುಡ ಆಗೋದು ಅಂದ್ರೇನಂತ ನನಗ ಈಗ ತಿಳೀತು. ಇಷ್ಟು ದಿನ ನಾ ಕಿವುಡಿನೇ ಇದ್ದಿಲ್ಲ.

ನಿನ್ನೆ ಪುಸ್ತಕದ ಕಡೇ ಹಾಳಿ ತಗದು ಓದಿದೆ. ಆಕಿ ಬಾಯಾಗ ‘ಹೋಗುತ್ತೇನೆ’ ಅಂತ ಇಟ್ಟಿ. ಮದಲ ಸಲ ಓದಾಗ ನನಗೂ ಹೊಳೀಲಿಲ್ಲ, ಛಂದದ ಅಕ್ಷರ ನೋಡಿ ಮರತೆ. ನಮ್ಮ ಕಡಿ ಹೊಸ್ತಿಲದಾಗ ನಿಂತು ಯಾರರ ಹೋಗ್ತೇನಿ ಅಂತಾರೇನು? ದುಡಿಯಾಕ ಮುಂಬಯಿಗೆ ಹೋಗಾಂವ ಬರ್ತೇನಿ ಅಂತಾನ. ಹತ್ತು ಮಾರು ಬಾವಿಗೆ ಹೋಗಾಕಿನೂ ಬರ್ತೇನಿ ಅಂತಾಳ. ಸಣ್ಣಾಕಿದ್ದಾಗ ಹೋಗ್ತೇನಿ ಅಂದ್ರ ನಿಮ್ಮವ್ವ ಬಾಯಿ ಮ್ಯಾಲ ಹೊಡದಿಲ್ಲೇನು? ಏನು ಕಲಿಸ್ಯಾಳ ಆಕಿ ನಿನಗ?

ಹೊಳಿ ಎಳಕೊಂಡ ದಿನಾನೂ ನಿಂಬೆವ್ವ ಬರ್ತೇನಿ ಅಂದೇ ಹೋಗಿದ್ದಳು. ಹೆಣಾ ಸಿಗಲಿಲ್ಲ, ದಿನಾ ತಿಥಿ ಮಾಡಲಿಲ್ಲ. ಆ ಒಂದು ಮಾತಿಗೆ ಕಟ್ಟುಬಿದ್ದು ಇಷ್ಟು ವರ್ಷದ ಮ್ಯಾಲ ಬಂದಳು. ನೀ ಆ ಮಾತು ತಗದು ಹೋಗ್ತೇನಿ ಅಂತ ಹಾಕಿದಿ. ಹೋಗ್ತೇನಿ ಅಂದಾಕಿ ಮತ್ತ ಹ್ಯಾಂಗ ಬರ್ತಾಳ? ಹೊಳಿ ಮಾಡದ ಕೆಲಸ ನೀ ಮಾಡಿದಿ.

ನನಗ ಶುದ್ಧ ಬ್ಯಾಡ. ಮದಲು ಹ್ಯಾಂಗಿತ್ತೋ ಹಂಗ ಕೊಡು. ನಿನ್ನ ಹಂತ್ಯಾಕ ಹಳೇದು ಇರ್ತದಲ್ಲ, ಕಳಿಸು.

ಮಾಣಿಕಮ್ಮ


ಆಳಂದ
೩ ನವೆಂಬರ್ ೨೦೨೪

ಮಾಣಿಕಮ್ಮ ಅವರೇ,

ಹಳೆಯದು ನನ್ನಲ್ಲಿ ಇಲ್ಲ. ಗೌಸಮೊಹಿದ್ದೀನ ಅವರು ಟೈಪು ಮಾಡಿಕೊಟ್ಟದ್ದರ ಮೇಲೆಯೇ ತಿದ್ದುತ್ತ ಹೋದೆ. ಪತ್ರಿಕೆಯ ಕೆಲಸದಲ್ಲಿ ಹಿಂದಿನದನ್ನು ಉಳಿಸಿಕೊಳ್ಳುವ ರೂಢಿ ಇರಲಿಲ್ಲ, ನಿನ್ನೆಯ ಸುದ್ದಿ ಯಾರಿಗೆ ಬೇಕು. ಆ ರೂಢಿಯನ್ನೇ ನಿಮ್ಮ ಪುಸ್ತಕಕ್ಕೂ ತಂದೆ. ಉಳಿದದ್ದು ನಿಮ್ಮ ಹಾಳೆಗಳು, ಅವು ಒಲೆಗೆ ಹೋದವು. ನಿಂಬೆವ್ವ ಅವರ ಮಾತು ಈಗ ಎಲ್ಲಿಯೂ ಇಲ್ಲ. ಇದನ್ನು ಬರೆಯಲು ಇಷ್ಟು ದಿನ ಬೇಕಾಯಿತು.

ನಿಮ್ಮವ್ವ ಏನು ಕಲಿಸಿದ್ದಾಳೆ ಎಂದು ಕೇಳಿದ್ದೀರಿ. ಕಲಿಸಿದ್ದಳು. ನಾನು ಹುಬ್ಬಳ್ಳಿಯಲ್ಲಿದ್ದಾಗ ತೀರಿಕೊಂಡಳು. ರಜೆ ಮುಗಿಸಿ ಹೊರಟಾಗ ಹೊಸ್ತಿಲಲ್ಲಿ ನಿಂತು ಅವಳು ಏನನ್ನುತ್ತಿದ್ದಳು ಎಂದು ನಿಮ್ಮ ಪತ್ರ ಓದಿ ನೆನಪಿಸಿಕೊಂಡೆ. ‘ಜಾಗ್ರತೆಯಾಗಿ ಹೋಗಿ ಬಾ ಮಗಳೇ’ ಎಂದು ಕೇಳಿಸಿತು. ನಮ್ಮವ್ವ ಜನ್ಮದಲ್ಲಿ ಹಾಗೆ ಮಾತಾಡಿದವಳಲ್ಲ. ಇನ್ನೊಂದು ಮಾತು ನೆನೆದೆ, ಮತ್ತೊಂದು ನೆನೆದೆ. ಎಲ್ಲವೂ ಪುಸ್ತಕದ ಕನ್ನಡ. ಯಾವಾಗ ನಾನು ಅವಳನ್ನೂ ತಿದ್ದಿಬಿಟ್ಟೆನೋ ಗೊತ್ತಿಲ್ಲ.

ಕೆಳಗೆ ಹೋಗಿ ಅಪ್ಪನನ್ನು ಕೇಳಿದೆ. ಅಪ್ಪ ತೊಗರಿಬೇಳೆ ತೂಗುತ್ತಿದ್ದ. ತಲೆ ಎತ್ತದೆ, ‘ಜ್ವಾಕಿ ಬೇ ಯವ್ವಾ, ಬಸ್ಸಿನಾಗ ಕಿಡಕಿ ಹಂತ್ಯಾಕ ಕೂಡಬ್ಯಾಡ ಅಂತಿದ್ದಳು’ ಅಂದ. ಅಲ್ಲೇ ಅಕ್ಕಿ ಚೀಲದ ಮ್ಯಾಲ ಕುಂತು ಅತ್ತೆ. ಗಿರಾಕಿ ನಿಂತು ನೋಡಾಕತ್ತಿದ್ರು, ನನಗ ಅದರ ಖಬರೇ ಇದ್ದಿಲ್ಲ.

ಅವತ್ತಿಂದ ತಿರುಗಿ ಬರಿಯಾಕತ್ತೇನಿ. ಬಾಗಲ ಮುಚ್ಚಿಕೊಂಡು ಒಂದೊಂದು ಸಾಲು ಮದಲ ಬಾಯಿಲೆ ಅಂದು ನೋಡ್ತೇನಿ. ನಾಲಿಗಿ ಒಪ್ಪಿದ್ರ ಬರೀತೇನಿ, ಇಲ್ಲಾಂದ್ರ ಇಲ್ಲ. ನಿಮ್ಮ ಹಾಳಿ ಓದಿದ್ದು ಎಷ್ಟು ನೆನಪದ ಅಷ್ಟು, ಉಳದದ್ದು ನಮ್ಮವ್ವನ ಬಾಯಿಂದ ತರಾಕತ್ತೇನಿ. ಮೊನ್ನೆ ‘ಯಕ್ಕಾ, ಉಂಡೇನ ಬೇ’ ಅಂತ ಅಂದು ನೋಡಾಕತ್ತಿದ್ದೆ. ಕೆಳಗ ತಕ್ಕಡಿ ಸಪ್ಪಳ ನಿಂತಿತು. ಅಪ್ಪ ಮೆಟ್ಟಲ ಹತ್ತಿ ಬಂದು ಬಾಗಲ ತಗದ. ನನ್ನ ನೋಡಲಿಲ್ಲ. ಕೋಣಿ ಮೂಲಿ ಮೂಲಿ ನೋಡಿದ. ‘ನಿಮ್ಮವ್ವ ಬಂದಂಗಾತು’ ಅಂದು ಇಳದು ಹೋದ.

ದಶರಥ ಅವರು ಶುದ್ಧ ಪ್ರತಿನೇ ಅಚ್ಚು ಹಾಕೋಣ, ಇಲ್ಲಾಂದ್ರ ನನ್ನ ಪುಸ್ತಕದ ಕೆಲಸ ಬ್ಯಾರೆಯವರಿಗೆ ಹೋಗ್ತದ ಅಂದ್ರು. ಹೋಗಲಿ ಬಿಡ್ರಿ ಅಂದೆ. ಪುಸ್ತಕ ಆಮ್ಯಾಲ ಎಲ್ಲ್ಯಾದರೂ ಹಾಕಸೋಣ. ಆಕಿ ಮಾತು ಮದಲ ತಿರುಗಿ ಬರಲಿ.

ಸುರುವಿನ ಎರಡು ಅಧ್ಯಾಯ ಕಳಿಸೇನಿ. ತಪ್ಪಿದ್ದಲ್ಲಿ ನೀವು ತಿದ್ದಿಕೊಡ್ರಿ.

ನಿಮ್ಮ,
ಶಿವಕಾಂತಾ


ನೆಲೋಗಿ
೫ ಡಿಸೆಂಬರ್ ೨೦೨೪

ಶಿವಕಾಂತಾಗ,

ನಿನ್ನ ಹಿಂದಿನ ಕಾಗದ ಅರ್ಧ ಮೇಡಂ ಬರದಾಳ, ಅರ್ಧ ನೀ ಬರದಿ. ಮೇಡಂ ಇನ್ನ ಬರಬಾರದು ಅಂತ ಹೇಳು.

ಅಧ್ಯಾಯ ಓದಿದೆ. ಅಕ್ಷರಕ್ಕ ಕೆಂಪು ಗೆರಿ ಎಳಿಯೋದು ಎಷ್ಟು ಸುಖ ಅದ, ಅದಕ್ಕೇ ನಿನಗ ಈ ಚಟ ಹತ್ಯದ ಕಾಣಸ್ತದ. ಆಳಂದದ ವಾಸನಿ ಹೊಡೀತದ ನೋಡು. ನಿಂಬೆವ್ವ ಯಾವಾಗ ‘ಲವಕರ ಬಾ’ ಅಂದಾಳ? ಆಕಿ ‘ಜಲ್ದಿ ಬಾ’ ಅಂತಿದ್ದಳು. ಮಹಾರಾಷ್ಟ್ರದ ಗಡಿ ಏನು ನಿಮ್ಮ ಓಣ್ಯಾಗೇ ಹಾದದೇನು? ಮತ್ತ ಕಂಡ ಕಂಡಲ್ಲಿ ಬೇ ಬೇ ಅಂತ ತುಂಬಿ, ಆಡಿನ ಹಿಂಡು ಹೊಕ್ಕಂಗ. ಸಿಟ್ಟು ಬಂದಾಗ ಆಕಿ ಬೇ ಅಂತಿದ್ದಿಲ್ಲ. ಸುಮ್ಮನಾಗ್ತಿದ್ದಳು. ಬೇ ಇಲ್ಲದಲ್ಲಿ ಆಕಿ ಸಿಟ್ಟದ ಅಂತ ತಿಳೀಬೇಕು.

ಬಳಿ ಜಗಳ ಮಾತ್ರ ಬರೋಬ್ಬರಿ ಬಂದದ. ಅದನ್ನ ಓದಾಗ ಹೊಸ್ತಿಲ ಕಡಿ ತಿರುಗಿ ನೋಡಿದೆ. ಯಾರೂ ಇದ್ದಿಲ್ಲ.

ಆಕಿ ಇನ್ನೂ ಬಂದಿಲ್ಲ. ನಾ ಹೈರಾಣ ಆಗೇನಿ, ಸುಳ್ಳು ಯಾಕ ಹೇಳಲಿ. ಮಧ್ಯಾಹ್ನ ಆದ್ರ ಸಾಕು, ಉಣ್ಣದ ಕೂಡ್ತೇನಿ. ಉಂಡೇನ ಬೇ ಅಂತ ಕೇಳಿದ್ರ ಇಲ್ಲ ಅನ್ನಬೇಕಲ್ಲ.

ಉಳದ ಅಧ್ಯಾಯ ಕಳಿಸು, ತಿದ್ದತೇನಿ. ಕಡೇ ಸಾಲು ಮಾತ್ರ ಅಲ್ಲಿ ಕುಂತು ಬರೀಬ್ಯಾಡ. ಎಳ್ಳ ಅಮಾಸಿಗೆ ಇಲ್ಲಿ ಬಾ. ಹೊಲಕ್ಕ ಹೋಗೋಣ, ಭಜ್ಜಿ ಸಜ್ಜಿರೊಟ್ಟಿ ಉಂಡು, ಮನಿಗೆ ಬಂದು ಹೊಸ್ತಿಲ ಮ್ಯಾಲ ಕುಂತು ನನ್ನ ಎದುರಿಗೆ ಬರಿ. ಎಲ್ಲಿ ಅಂದಿದ್ದಳೋ ಅಲ್ಲೇ ಬರೀಬೇಕು.

ಮಾಣಿಕಮ್ಮ


ನೆಲೋಗಿ
೨ ಜನವರಿ ೨೦೨೫

ತಂಗಿ ಶಿವಕಾಂತಾ,

ಈ ಕಾಗದ ಮುಟ್ಟಿದ ಕೂಡಲೇ ಉತ್ತರ ಬರಿ. ಯಾಕಂತ ಹೇಳ್ತೇನಿ.

ನೀ ಬಂದದ್ದು ಎಲ್ಲಾರಿಗೂ ಛಲೋ ಅನಸ್ತು. ಸೂರ್ಯಕಾಂತ ಹೊಲದಾಗ ಭೂಮಿತಾಯಿಗೆ ಎಡಿ ಅಂತ ಚರಗ ಚೆಲ್ಲಿ ಬರೋತನಕ ನೀ ಬುಟ್ಟಿ ಹಿಡಕೊಂಡು ನಿಂತಿದ್ದು ಭುವನೇಶ್ವರಿ ಇನ್ನೂ ಹೇಳಿ ಹೇಳಿ ನಗ್ತಾಳ, ಪ್ಯಾಟಿ ಸಂಪಾದಕಿ ರೊಟ್ಟಿ ಬುಟ್ಟಿ ಹೊತ್ತಳು ಅಂತ. ಮನಿಗೆ ಬಂದು ಹೊಸ್ತಿಲ ಮ್ಯಾಲ ಕುಂತು ನೀ ‘ಬರ್ತೇನಿ ಬೇ’ ಅಂತ ಬರದಿ. ನಾ ಬೊಟ್ಟು ಇಟ್ಟು ಒಂದೊಂದು ಅಕ್ಷರ ಮುಟ್ಟಿ ನೋಡಿದೆ. ಸೂರ್ಯಕಾಂತ ಕಂಬಕ್ಕ ಆನಿಕೊಂಡು ನಿಂತಿದ್ದ. ನಿಂಬೆವ್ವ ಬರಲಿಲ್ಲ. ನಿನ್ನ ಮಾರಿ ನೋಡಿ ನನಗೇ ಸಂಕಟ ಆತು, ಇರಲಿ ಬಿಡು, ಬಂದಾಗ ಬರ್ತಾಳ ಅಂದೆ.

ನೀ ಹೊಂಟಾಗ ಹೊಸ್ತಿಲದಾಗ ನಿಂತು ಕೈ ಮುಗದಿ. ಬಸ್ಸು ಹೋತು. ನಾ ಒಳಗ ಬಂದು ನೀ ಚಾ ಕುಡದ ಲೋಟ ತೊಳಿಯಾಕ ಬಗ್ಗಿದ್ದೆ. ಆಗ ಕೇಳಸ್ತು. ‘ಬರ್ತೇನಿ ಬೇ.’ ಬಲಗಿವ್ಯಾಗ, ಬಾಜುಕ ಕುಂತು ಅಂದಂಗ. ಲೋಟ ಕೈ ಜಾರಿ ಕಲ್ಲಿನ ಮ್ಯಾಲ ಬಿತ್ತು, ಅದರ ಸಪ್ಪಳ ಕೇಳಲಿಲ್ಲ. ಈ ದನಿ ಕೇಳಿತು.

ನಿಂಬೆವ್ವಂದಲ್ಲ. ಆಕಿದು ಎಳೀ ದನಿ, ಇದು ಜರಾ ದಪ್ಪಂದು, ಕಡೀಕ ಆಳಂದದವರಂಗ ಎಳೀತದ. ನಿನ್ನ ದನಿ ನಾ ಯಾವತ್ತೂ ಕೇಳಿಲ್ಲ. ಆದ್ರ ನಿಂದೇ ಅಂತ ಗೊತ್ತಾತು.

ಮದಲ ಖುಷಿ ಆತು. ಆಮ್ಯಾಲ ಎದಿ ಒಡೀತು. ನನಗ ಸತ್ತವರ ದನಿ ಬಿಟ್ರ ಬ್ಯಾರೆ ಏನೂ ಕೇಳಂಗಿಲ್ಲ, ನಿನಗ ಗೊತ್ತದ. ಆ ಬಸ್ಸು ಮುಟ್ಟಿತೇನು? ಸೂರ್ಯಕಾಂತ ನಿನ್ನ ಫೋನಿಗೆ ದಿನಾ ಹಚ್ಚಾಕತ್ತಾನ, ಬಂದ್ ಅದ ಅಂತಾನ. ಪೇಪರಿನಾಗ ಏನೂ ಬಂದಿಲ್ಲ ಅಂತ ತೋರಸ್ತಾನ, ನನಗ ನಂಬಿಕಿ ಬರವಲ್ದು. ನಿನ್ನ ಆ ಮಾತು ಮತ್ತ ಕೇಳಬಾರದು ಅಂತ ಕಿವ್ಯಾಗ ಹತ್ತಿ ಅರಳಿ ಇಟಗೊಂಡು ಕುಂತೇನಿ. ನೋಡಿದವರು ನಗಬೇಕು, ಕಿವುಡಿ ಕಿವ್ಯಾಗ ಅರಳಿ.

ಎರಡು ಅಕ್ಷರ ಸಾಕು ತಂಗಿ. ಇದ್ದೇನಿ ಅಂತ ಬರಿ.

ಮಾಣಿಕಮ್ಮ


ಆಳಂದ
೧೦ ಜನವರಿ ೨೦೨೫

ಯಕ್ಕಾ,

ಇದ್ದೇನಿ ಬೇ. ಅರಳಿ ತಗಿ.

ಫೋನು ಬಸ್ಸಿನಾಗ ಬಿತ್ತು, ಹೊಸಾದು ಇನ್ನೂ ತಗೊಂಡಿಲ್ಲ. ನಾ ಆರಾಮ ಅದೇನಿ, ಅಪ್ಪನೂ ಆರಾಮ ಅದಾನ. ಬೋರ್ಡು ಇಳಿಸಿಲ್ಲ. ಕಾರ್ಡಿನಾಗ ಜಾಗ ಕಡಿಮಿ ಅದ, ಒಂದೇ ಮಾತು ಹೇಳ್ತೇನಿ.

ನಾ ಹೊಸ್ತಿಲದಾಗ ಏನೂ ಅಂದಿದ್ದಿಲ್ಲ. ನಿನಗ ಕೇಳಂಗಿಲ್ಲಲ್ಲ ಅಂತ ಬರೇ ಕೈ ಮುಗದೆ. ಬಸ್ಸು ನೆಲೋಗಿ ದಾಟಿ ಹೊಳ್ಳಿದ ಮ್ಯಾಲ ಮನಸ್ಸು ತಡೀಲಿಲ್ಲ. ಅವ್ವ ಬ್ಯಾಡ ಅಂದಿದ್ದ ಕಿಡಕಿ ಹಂತ್ಯಾಕೇ ಕುಂತಿದ್ದೆ. ಮಾರಿ ಹೊರಗ ಮಾಡಿ ಆ ಮಾತು ಅಂದೆ, ಬಾಜು ಕುಂತಾಕಿಗೂ ಕೇಳದಂಗ.

ಮಧ್ಯಾಹ್ನ ಬಾಗಲ ತಗದಿಡು, ಹೊತ್ತಿಗೆ ಸರಿಯಾಗಿ ಉಣ್ಣು. ನಿಂಬೆವ್ವ ಬಂದ್ರ ಹೊಸ್ತಿಲ ಮ್ಯಾಲ ಜರಾ ಸರದು ಕೂಡು ಅನ್ನು, ನನಗೂ ಜಾಗ ಬೇಕು.

ಬರ್ತೇನಿ ಬೇ.

ಶಿವಕಾಂತಾ